ನಾಲಿಗೆ ಸಡಿಲಿರಲಿ, ಗಂಟಲು ಉಳಿಯಲಿ

ಹಾಡು ಕಲಿಯುತ್ತಿರುವ ಮಕ್ಕಳೇ,

ವಿಜಯಪುರದ ಸಂಗೀತದ ಮನೆಗಳಲ್ಲಿ, ತಿಕೋಟಾ, ಬಬಲೇಶ್ವರದ ಕಡೆಯ ಭಜನಾ ಮೇಳಗಳಲ್ಲಿ ಒಂದು ಮಾತು ಬಹಳ ದಿನದಿಂದ ಓಡಾಡುತ್ತಿದೆ: ‘ಗಂಟಲು ಒಮ್ಮೆ ಒಡೆಯಬೇಕು, ಆಮೇಲೇ ಧ್ವನಿ ಕೂಡುತ್ತದೆ.’ ಈ ಮಾತನ್ನು ದಯವಿಟ್ಟು ನಂಬಬೇಡಿ. ಒಡೆದ ಗಂಟಲು ಗಾಯಗೊಂಡ ಗಂಟಲು. ಅದರ ಮೇಲೆ ಹಾಡಿದಷ್ಟೂ ಗಾಯ ಬಲಿಯುತ್ತದೆಯೇ ಹೊರತು ಧ್ವನಿ ಬಲಿಯುವುದಿಲ್ಲ. ರಿಯಾಜಿನಲ್ಲಿ ನೋವಾದರೆ ಅಲ್ಲಿಗೆ ನಿಲ್ಲಿಸಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಇದರ ವಿವರಣೆ.

ನಮ್ಮ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಬೆಳೆದ ಗಂಡಸರಲ್ಲಿ ಅವುಗಳ ಉದ್ದ ಹೆಚ್ಚುಕಡಿಮೆ 2 ಸೆಂಟಿಮೀಟರ್, ಹೆಂಗಸರಲ್ಲಿ ಇನ್ನೂ ಗಿಡ್ಡ. ಪೇಟಿಯ ಕರಿ ಒಂದರಲ್ಲಿ ಬೆಳೆದ ಹುಡುಗನೊಬ್ಬ ಮಧ್ಯ ಷಡ್ಜ ಹಿಡಿದಾಗ ಅವು ಸೆಕೆಂಡಿಗೆ ಸುಮಾರು 140 ಸಲ ಕೂಡಿ ಬಿಡುತ್ತವೆ. ತಾರ ಷಡ್ಜಕ್ಕೆ ಹೋದರೆ 280 ಸಲ. ಒಂದು ತಾಸಿನ ರಿಯಾಜಿನಲ್ಲಿ ಲಕ್ಷಗಟ್ಟಲೆ ಸಲ. ಇಷ್ಟು ನಾಜೂಕಾದ ಜಾಗದಲ್ಲಿ ದಿನವೂ ಒತ್ತಡ ಹಾಕಿದರೆ ಮೊದಲು ಬಾವು, ಆಮೇಲೆ ಸಣ್ಣ ಗಂಟು. ಗಂಟು ಕಟ್ಟಿದ ತಂತುಗಳು ಪೂರ್ತಿ ಕೂಡುವುದಿಲ್ಲ, ಸಂದಿನಲ್ಲಿ ಗಾಳಿ ಸೋರುತ್ತದೆ, ಧ್ವನಿ ಗೊಗ್ಗರಾಗುತ್ತದೆ.

ಈ ಒತ್ತಡ ಬಹಳ ಸಲ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿ ಕುದುರೆ ಲಾಳದ ಆಕಾರದ ಸಣ್ಣ ಎಲುಬೊಂದಿದೆ. ನಾಲಿಗೆ ಅದಕ್ಕೆ ಅಂಟಿದೆ, ಧ್ವನಿಪೆಟ್ಟಿಗೆ ಅದರಿಂದಲೇ ಜೋತುಬಿದ್ದಿದೆ. ನಾಲಿಗೆ ಹಿಂದಕ್ಕೆ ಸರಿದು ಬಿಗಿದರೆ ಕೆಳಗಿರುವ ಪೆಟ್ಟಿಗೆಗೂ ಆ ಬಿಗಿ ಇಳಿಯುತ್ತದೆ. ಬಿಗಿ ಇದೆಯೋ ಇಲ್ಲವೋ ಎಂದು ನೀವೇ ನೋಡಿಕೊಳ್ಳಬಹುದು. ಗದ್ದದ ಎಲುಬಿನ ಹಿಂದಿನ ಮೆತ್ತನೆಯ ಜಾಗಕ್ಕೆ ಹೆಬ್ಬೆರಳು ಹಗುರಾಗಿ ಮುಟ್ಟಿಸಿ ಒಂದು ಗುಟುಕು ಎಂಜಲು ನುಂಗಿ. ಅಲ್ಲಿನ ಸ್ನಾಯು ಗಟ್ಟಿಯಾಗಿ ಬೆರಳನ್ನು ದೂಡುತ್ತದೆ. ಈಗ ಬೆರಳು ಅಲ್ಲೇ ಇಟ್ಟು ‘ಆ’ ಎಂದು ಷಡ್ಜ ಹಿಡಿಯಿರಿ. ಜಾಗ ಮೆತ್ತಗೇ ಇರಬೇಕು. ಪಂಚಮ ದಾಟುತ್ತಲೇ ಅದು ಕಲ್ಲಿನಂತಾದರೆ ನೀವು ಸ್ವರವನ್ನು ನಾಲಿಗೆಯಿಂದ ಎತ್ತುತ್ತಿದ್ದೀರಿ ಎಂದು ತಿಳಿಯಿರಿ.

ಬಬಲೇಶ್ವರದ ಕಡೆಯಿಂದ ಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಸರಗಮ್ ಹೇಳುವಾಗ ‘ಗ’ ಬಂದಲ್ಲೆಲ್ಲ ಬಿಗಿಯುತ್ತಿದ್ದಳು. ಕಾರಣ ಸರಳ. ಸ, ರಿ, ದ, ನಿ ಹುಟ್ಟುವುದು ನಾಲಿಗೆಯ ತುದಿಯಲ್ಲಿ. ಮ, ಪ ತುಟಿಯಲ್ಲಿ. ‘ಗ’ ಒಂದೇ ನಾಲಿಗೆಯ ಹಿಂಭಾಗ ಎದ್ದು ಅಂಗುಳನ್ನು ಮುಟ್ಟಿದಾಗ ಹುಟ್ಟುತ್ತದೆ. ಮುಟ್ಟಿದ ನಾಲಿಗೆ ತಕ್ಷಣ ಇಳಿಯಬೇಕು. ಅವಳದು ಅಲ್ಲೇ ನಿಂತುಬಿಡುತ್ತಿತ್ತು, ಮುಂದಿನ ಅಕಾರವೆಲ್ಲ ಉಸಿರು ಕಟ್ಟಿದಂತೆ ಬರುತ್ತಿತ್ತು. ಕನ್ನಡಿಯ ಮುಂದೆ ಕೂತು, ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು ‘ಗಾ, ಗಾ, ಗಾ’ ಎಂದು ನಿಧಾನವಾಗಿ ಹೇಳತೊಡಗಿದ ಮೇಲೆ ಆ ಬಿಗಿ ಸಡಿಲಿತು. ನಿಮ್ಮ ಬಿಗಿ ಯಾವ ಅಕ್ಷರದಲ್ಲಿ ಕೂತಿದೆ ಎಂದು ನೀವೂ ಹುಡುಕಿಕೊಳ್ಳಿ.

ರಿಯಾಜಿಗೆ ಕೂರುವ ಮೊದಲು ಹತ್ತು ನಿಮಿಷ ಇದನ್ನು ಮಾಡಿ. ದವಡೆಯ ಕೀಲನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿ, ಒಂದೆರಡು ಆಕಳಿಕೆ ತೆಗೆಯಿರಿ. ನಾಲಿಗೆಯ ತುದಿ ಕೆಳಹಲ್ಲಿಗೆ ತಾಗಿರಲಿ. ನಡುಭಾಗವನ್ನು ಮುಂದಕ್ಕೆ ಉಬ್ಬಿಸಿ, ಹಿಂದಕ್ಕೆ ಬಿಡಿ, ಎಂಟು ಹತ್ತು ಸಲ. ಆಮೇಲೆ ನಾಲಿಗೆಯನ್ನು ಕೆಳತುಟಿಯ ಮೇಲೆ ಸುಮ್ಮನೆ ಮಲಗಿಸಿ ಸ-ರಿ-ಗ-ರಿ-ಸ ಜಾಗಗಳಲ್ಲಿ ಬರೀ ಅಕಾರ ಹಾಡಿ. ಕೈಯಿಂದ ನಾಲಿಗೆ ಹಿಡಿದು ಎಳೆಯಬೇಡಿ. ಮಕ್ಕಳು ಮೋಟಾರು ಬಿಟ್ಟಂತೆ ತುಟಿಗಳನ್ನು ನಡುಗಿಸುತ್ತ ಷಡ್ಜದಿಂದ ಪಂಚಮಕ್ಕೆ ಜಾರಿ, ಮರಳಿ ಇಳಿಯಿರಿ. ಕೊನೆಗೆ ಒಂದು ಸ್ಟ್ರಾದ ತುದಿಯನ್ನು ಲೋಟದ ನೀರಿನಲ್ಲಿ ಒಂದೆರಡು ಬೆರಳಿನಷ್ಟು ಅದ್ದಿ, ಗುಳ್ಳೆ ಏಳುವಂತೆ ‘ಊ’ ಎಂದು ಸ್ವರ ಹಿಡಿಯಿರಿ. ಬಾಯಿಯ ದಾರಿ ಕಿರಿದಾದಾಗ ಒಳಗಿನ ಗಾಳಿಯ ಒತ್ತಡ ಧ್ವನಿತಂತುಗಳಿಗೆ ಆಸರೆ ಕೊಡುತ್ತದೆ, ಅವು ಜೋರಾಗಿ ಬಡಿದುಕೊಳ್ಳುವುದಿಲ್ಲ. ವಾಕ್ ಚಿಕಿತ್ಸಕರು ದಣಿದ ಗಂಟಲಿಗೆ ಹೇಳಿಕೊಡುವ ಅಭ್ಯಾಸವೂ ಇದೇ.

ಬೆಳಗಿನ ಖರಜ ಒಳ್ಳೆಯದೇ. ಆದರೆ ಧ್ವನಿ ದಪ್ಪಗಾಗಲಿ ಎಂದು ನಾಲಿಗೆಯನ್ನು ಕೆಳಗೆ ಒತ್ತಬೇಡಿ. ಭೀಮಸೇನ ಜೋಶಿಯವರ ಗರ್ಜನೆ ಕೇಳಿ ಹಾಗೆ ಮಾಡುವ ಹುಡುಗರು ಬಹಳ. ಗಂಗೂಬಾಯಿ ಹಾನಗಲ್ಲರ ಗಂಭೀರ ಧ್ವನಿಯನ್ನು ಅನುಕರಿಸುವ ಹುಡುಗಿಯರೂ ಇದ್ದಾರೆ. ಆ ಧ್ವನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬದಲಾದದ್ದು, ರಿಯಾಜಿನಿಂದ ಒತ್ತಿ ತಂದದ್ದಲ್ಲ. ದೊಡ್ಡವರಿಂದ ರಾಗದ ನಡೆ ಕಲಿಯಿರಿ, ಗಂಟಲು ನಿಮ್ಮದೇ ಇರಲಿ.

ಇನ್ನು ಭಜನೆಯ ರಾತ್ರಿಗಳು. ಪೇಟಿ ಬಾರಿಸುವವರು ತಮಗೆ ಒಗ್ಗಿದ ಮನೆಯಲ್ಲಿ ಶ್ರುತಿ ಹಿಡಿಯುತ್ತಾರೆ, ಹದಿಮೂರರ ಹುಡುಗನೂ ಹೆಣ್ಣುಮಕ್ಕಳೂ ಅದರಲ್ಲೇ ಏಗುತ್ತಾರೆ. ಡಗ್ಗಾ, ತಾಳಗಳ ಸದ್ದಿನಲ್ಲಿ ನಮ್ಮ ಧ್ವನಿ ನಮಗೇ ಕೇಳದಾದಾಗ ಗೊತ್ತಿಲ್ಲದೆಯೇ ಕೂಗುತ್ತೇವೆ. ಗೋಲಗುಮ್ಮಟದ ಗ್ಯಾಲರಿಯಲ್ಲಿ ಪಿಸುಮಾತು ಕೂಡ ಎದುರು ಗೋಡೆಗೆ ಮುಟ್ಟುತ್ತದೆ. ಜಾತ್ರೆಯ ಬಯಲಿಗೆ ಆ ಗುಣವಿಲ್ಲ. ಬಯಲಿನ ಕೆಲಸವನ್ನು ಮೈಕು ಮಾಡಲಿ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರ್‌ಬಾಯಿ ಕರ್ನಾಟಕಿ, 1943ರ ‘ಕಿಸ್ಮತ್’ ಚಿತ್ರದಲ್ಲಿ ಮೈಕಿನ ಮುಂದೆ ಹಾಡಿಯೇ ದೇಶವನ್ನು ಗೆದ್ದರು. ನಿಮ್ಮ ಶ್ರುತಿ ಯಾವುದೆಂದು ತಿಳಿದುಕೊಳ್ಳಿ, ಅದನ್ನು ಕೇಳಿ ಪಡೆಯಿರಿ. ಧ್ವನಿ ಒಡೆಯುವ ವಯಸ್ಸಿನ ಹುಡುಗರು ಒಂದೆರಡು ವರ್ಷ ತಾರಸ್ಥಾಯಿಯ ಹಟ ಬಿಡಲಿ.

ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗುತ್ತದೆ, ಧೂಳು ಬೇರೆ. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯಿರಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಮಕ್ಕಳು ಔಷಧಿ ಹೊಡೆಯುವಾಗ ಮೂಗು ಬಾಯಿ ಮುಚ್ಚಿಕೊಳ್ಳಲಿ, ಅಂದು ಸಂಜೆ ರಿಯಾಜಿಗೆ ಬಿಡುವು ಕೊಡಲಿ. ಕಲ್ಲುಸಕ್ಕರೆ, ಜ್ಯೇಷ್ಠಮಧು ಗಂಟಲಿಗೆ ಹಿತ ಕೊಡಬಹುದು, ಆದರೆ ನುಂಗಿದ ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅದು ಅನ್ನನಾಳಕ್ಕೆ ಇಳಿಯುತ್ತದೆ. ಧ್ವನಿತಂತುಗಳಿಗೆ ತಲುಪುವುದು ಉಸಿರಿನ ಜೊತೆ ಒಳಗೆ ಹೋಗುವ ಹಬೆ. ಬೀಡಿ, ಸಿಗರೇಟಿನ ಹೊಗೆ ತಲುಪುವುದೂ ಅಲ್ಲಿಗೇ, ನೆನಪಿಡಿ.

ಧ್ವನಿ ಕುಳಿತಾಗ ಮಾತನ್ನೂ ಕಡಿಮೆ ಮಾಡಿ. ಎರಡು ಮೂರು ವಾರವಾದರೂ ಸರಿಹೋಗದಿದ್ದರೆ, ಅಥವಾ ನೋವು, ರಕ್ತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋಗಿ. ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ವಿಜಯಪುರದಲ್ಲೇ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಧ್ವನಿಯ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ‘ಇವತ್ತೊಂದು ರಾತ್ರಿ ಹಾಡುವಂತೆ ಮಾಡಿ’ ಎಂದು ಇಂಜೆಕ್ಷನ್ ಕೇಳಬೇಡಿ.

ಕೆಲವು ದಿನ ಹಾಡದಿದ್ದರೆ ಕಲಿತದ್ದು ಹೋಗಿಬಿಡುತ್ತದೆಂಬ ಅಂಜಿಕೆ ಬೇಡ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಇಪ್ಪತ್ತರ ಹರೆಯದಲ್ಲೇ ಕ್ಷಯ ಬಂತು. ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದರು. ಆ ದಿನಗಳಲ್ಲಿ ಕಿವಿಗೆ ಬಿದ್ದ ಮಾಳವದ ಜನಪದ ಹಾಡುಗಳನ್ನು ಮನಸ್ಸಿನಲ್ಲಿ ತುಂಬಿಕೊಂಡರು. ಎದ್ದು ಬಂದ ಮೇಲೆ ತಮ್ಮ ಉಸಿರಿನ ಅಳತೆಗೆ ಒಪ್ಪುವ ಹೊಸ ಗಾಯನವನ್ನೇ ಕಟ್ಟಿದರು. ಬಾಯಿ ಮುಚ್ಚಿದ್ದಾಗಲೂ ಕಿವಿ ಕಲಿಯುತ್ತದೆ. ತಂಬೂರಿ ಕೇಳಿ, ತಾಳ ಎಣಿಸಿ, ಬಂದಿಶ್ ಮನಸ್ಸಿನಲ್ಲೇ ಹಾಡಿಕೊಳ್ಳಿ.

ಗಂಟಲು ಸರಿಯಿಲ್ಲದ ದಿನ ಗುರುಗಳಿಗಾಗಲಿ ಮೇಳದ ಹಿರಿಯರಿಗಾಗಲಿ ‘ಇವತ್ತು ಹಾಡಲಾರೆ’ ಎಂದು ನೇರವಾಗಿ ಹೇಳಿ. ಅದು ಅವಿಧೇಯತೆಯಲ್ಲ. ಹಿರಿಯರಾದ ನಾವು ಆ ಮಾತಿಗೆ ಸಿಟ್ಟಾಗದೆ, ಹಾಗೆ ಹೇಳಿದ ಮಗುವಿನ ಕೈಗೆ ಅಂದು ತಾಳ ಕೊಡಬೇಕು. ನೀವು ಇನ್ನೂ ಐವತ್ತು ವರ್ಷ ಹಾಡಬೇಕಾದವರು.