ಗಜಕರ್ಣದ ಮುಲಾಮನ್ನು ಪರೀಕ್ಷಿಸುವ ವಿಧವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ತಾಲೂಕುಗಳ ಹಳ್ಳಿಗಳಲ್ಲಿ ಗಜಕರ್ಣ ಅಥವಾ ಹುಳುಕಡ್ಡಿ ಎಂಬ ಚರ್ಮರೋಗವನ್ನು ಅರಿಯದವರು ವಿರಳ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟಿನ ಕುಲಕ್ಕೆ ಸೇರಿದ ಶಿಲೀಂಧ್ರವು ಚರ್ಮದ ಮೇಲ್ಪದರವನ್ನು ತಿನ್ನುತ್ತಾ ಉಂಗುರದಂತೆ ಹರಡುವದು. ಬೆವರೂ ಒಣಗದ ಬಟ್ಟೆಯೂ ಅದಕ್ಕೆ ಅನುಕೂಲ.

ಇದಕ್ಕೆ ಅಂಗಡಿಗಳಲ್ಲಿ ಸಿಕ್ಕುವ ಮುಲಾಮುಗಳು ಬಹಳ. ಅವುಗಳಲ್ಲಿ ಗುಣಕಾರಿಯಾದದ್ದು ಯಾವದೆಂದು ತಿಳಿಯುವದು ಹೇಗೆ? ತುರಿಕೆ ನಿಂತಿತು, ಆದದರಿಂದ ಗುಣವಾಯಿತು ಎಂದು ನಾವು ಸುಲಭವಾಗಿ ನಂಬುತ್ತೇವೆ. ಈ ಸಾಕ್ಷಿ ಸಾಲದು. ಯಾಕಂದರೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೆಲವೇ ದಿನಗಳಲ್ಲಿ ತುರಿಕೆಯನ್ನೂ ಕೆಂಪನ್ನೂ ಅಡಗಿಸುವದು. ಆದರೆ ಚರ್ಮದ ಕಾವಲುಗಾರರನ್ನೇ ಅದು ಮಲಗಿಸುವದರಿಂದ ಬೂಷ್ಟು ಅಡ್ಡಿಯಿಲ್ಲದೆ ಹಬ್ಬುವದು. ಹಚ್ಚುವದನ್ನು ಬಿಟ್ಟೊಡನೆ ರೋಗವು ಮೊದಲಿಗಿಂತ ಅಗಲವಾಗಿ ಕಾಣಿಸಿಕೊಳ್ಳುವದು. ಇಂಥಾ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರಕಾರವು 2018ರಲ್ಲಿ ವಿಧಿಸಿತು.

ಸರಿಯಾದ ಪರೀಕ್ಷೆಯ ಕ್ರಮವು ಬೇರೆ. ಮೊದಲು ಉಂಗುರದ ಅಂಚಿನಿಂದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ್ರವದಲ್ಲಿ ನೆನೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೂಷ್ಟಿನ ಎಳೆಗಳು ಕಂಡವರನ್ನು ಮಾತ್ರ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಮುಲಾಮನ್ನೂ ಇನ್ನೊಂದಕ್ಕೆ ಹಳೆಯದನ್ನೂ ಕೊಡುತ್ತಾರೆ. ಯಾರಿಗೆ ಯಾವದು ಸಿಕ್ಕಿತೆಂಬದು ರೋಗಿಗೂ ನೋಡುವ ವೈದ್ಯನಿಗೂ ತಿಳಿಯದಿದ್ದರೆ ಬಹಳ ಉತ್ತಮ. ಮನುಷ್ಯನ ಕಣ್ಣು ತಾನು ಆಶಿಸಿದ್ದನ್ನೇ ಕಾಣುವದಷ್ಟೆ! ಕೆಲವು ವಾರಗಳಾದ ಮೇಲೆ ತಿರಿಗಿ ಕೆರೆದು ನೋಡುವರು. ಔಷಧ ನಿಲ್ಲಿಸಿ ಕೆಲವು ಕಾಲದ ನಂತರ ಇನ್ನೊಮ್ಮೆ ನೋಡುವರು. ಆಗಲೂ ಎಳೆಗಳಿಲ್ಲದಿದ್ದರೆ ಗುಣವಾಯಿತೆನ್ನಬಹುದು.

ಹೀಗೆ ಪರೀಕ್ಷೆಗೆ ನಿಂತ ಹಳೆಯ ಔಷಧಗಳಲ್ಲಿ ವಿಟ್‌ಫೀಲ್ಡ್ ಮುಲಾಮು ಒಂದು. ಲಂಡನ್ನಿನ ವೈದ್ಯನಾದ ಆರ್ಥರ್ ವಿಟ್‌ಫೀಲ್ಡನ ಹೆಸರು ಅದಕ್ಕುಂಟು. ಅದರ ನೂರು ಭಾಗದಲ್ಲಿ 6 ಭಾಗ ಬೆಂಜೋಯಿಕ್ ಆಮ್ಲ, 3 ಭಾಗ ಸ್ಯಾಲಿಸಿಲಿಕ್ ಆಮ್ಲ. ಎರಡನೆಯದು ಸತ್ತ ಚರ್ಮವನ್ನು ಸುಲಿಯುವದು, ಮೊದಲನೆಯದು ಬೂಷ್ಟನ್ನು ತಡೆಯುವದು. ಆಫ್ರಿಕದ ಮಲಾವಿಯಲ್ಲಿ ಇದನ್ನು ಕ್ಲೋಟ್ರಿಮಾಜೋಲ್ ಎಂಬ ಹೊಸ ಔಷಧದೊಂದಿಗೆ ಹೋಲಿಸಿದ ವರದಿಯು 1994ರಲ್ಲಿ ಪ್ರಕಟವಾಯಿತು; ಗುಣದಲ್ಲಿ ಎಣಿಸತಕ್ಕ ಭೇದವು ಕಾಣಲಿಲ್ಲ. ಬಡವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ತೊಡೆಯ ಸಂದಿ, ಮುಖ ಮುಂತಾದ ಮೃದು ಸ್ಥಳಗಳಲ್ಲಿ ಅದು ಉರಿಸುವದು.

ಅಲ್ಲಿಯ ಫಲವನ್ನು ಇಲ್ಲಿಗೆ ಹಾಗೆಯೇ ತರಲಾಗದು. ನಮ್ಮ ದೇಶದಲ್ಲಿ ಹರಡಿರುವ ಒಂದು ಜಾತಿಯ ಬೂಷ್ಟಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಹೆಸರಾಯಿತು. ಅದು ಅನೇಕರಲ್ಲಿ ಟರ್ಬಿನಾಫಿನ್ ಎಂಬ ಬಲವಾದ ಔಷಧಕ್ಕೂ ಬಗ್ಗುವದಿಲ್ಲ. ಆದಕಾರಣ ನೆರೆಯವನಿಗೆ ವಾಸಿಯಾದ ಮುಲಾಮು ನಮಗೂ ವಾಸಿಮಾಡೀತೆಂದು ಹೇಳಕೂಡದು.

ಕೆಲವರು ನಿಂಬೆಯ ರಸವನ್ನು ತಿಕ್ಕುತ್ತಾರೆ. ಇಂಡಿಯ ನಿಂಬೆ ಊಟಕ್ಕೆ ಬಹಳ ಒಳ್ಳೆಯದು. ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಬೊಕ್ಕೆಗಳೇಳುವವು.

ವೈದ್ಯರು ಕೊಟ್ಟ ಮುಲಾಮನ್ನು ಉಂಗುರದ ಹೊರಗೆ ಎರಡು ಬೆರಳಿನಷ್ಟು ದೂರದ ವರೆಗೂ ಹಚ್ಚತಕ್ಕದ್ದು. ಕಲೆ ಮಾಯವಾದರೂ ಅವರು ಹೇಳಿದ ದಿನಗಳ ವರೆಗೆ ಬಿಡಬಾರದು. ಟವೆಲನ್ನೂ ಒಳಬಟ್ಟೆಯನ್ನೂ ಹಂಚಿಕೊಳ್ಳದೆ, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಹಾಕಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಎಲ್ಲರೂ ಒಂದೇ ಸಾರಿ ಔಷಧ ಮಾಡಿಕೊಳ್ಳಬೇಕು. ಮಗುವಿನ ತಲೆಯಲ್ಲಿ ಕೂದಲುದುರಿ ಹೊಟ್ಟೇಳುವ ಕಲೆಯಿದ್ದರೆ ಮುಲಾಮೊಂದರಿಂದಲೇ ವಾಸಿಯಾಗದು, ಮಾತ್ರೆಯೂ ಬೇಕು. ಅಂಥಾ ಮಗುವನ್ನು ತಡಮಾಡದೆ ತಾಲೂಕಿನ ಆಸ್ಪತ್ರೆಗೆ ಕರಕೊಂಡು ಹೋಗತಕ್ಕದ್ದು.