ಕೊಂಡಿಯನ್ನು ಯಾವ ಪದಕ್ಕೆ ಬೆಸೆಯಬೇಕು?

ಐಚ್ಛಿಕ ಕನ್ನಡದ ಕಿರುಪ್ರಬಂಧಕ್ಕೆ ನಮ್ಮ ಹಿಂದೂಪುರ, ಕಲ್ಯಾಣದುರ್ಗ ಭಾಗದ ವಿದ್ಯಾರ್ಥಿಗಳಿಗೆ ವಿಷಯದ ಬರವಿಲ್ಲ. ಹೇಮಾವತಿ, ಎಂದರೆ ಶಾಸನಗಳು ಹೇಳುವ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಕಂಬದೂರಿನಲ್ಲಿ ನೊಳಂಬರ ಕಾಲದ ಗುಡಿಗಳಿವೆ. ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನೊಳಗೊಂಡ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದ ಮೊದಲ ಭಾಗ 1939ರಲ್ಲಿಯೇ ಪ್ರಕಟವಾಗಿದೆ. ಇಂತಹ ಸಂಪುಟಗಳ ಪ್ರತಿಗಳು ಇಂದು ಅಂತರಜಾಲದಲ್ಲಿ ದೊರೆಯುತ್ತವೆ. ಆಂಧ್ರದೊಳಗಿನ ಒಂದು ಊರಿನ ಶಾಸನ ಕನ್ನಡದ್ದೆಂದು ಬರೆದ ಮೇಲೆ, ಸಂದೇಹಪಡುವ ಓದುಗನನ್ನು ಆ ಪಾಠದವರೆಗೆ ಕರೆದೊಯ್ಯುವುದು ಬರೆದವನ ಹೊಣೆ. ಪ್ರಬಂಧವನ್ನು ಕಡತವಾಗಿ ಕಳುಹಿಸುವಾಗ ಈ ಕೆಲಸಕ್ಕೆ ಒದಗುವುದು ಹೈಪರ್‌ಲಿಂಕ್, ಎಂದರೆ ಕೊಂಡಿ.

ಕೊಂಡಿ ಹಾಕುವ ಕ್ರಮ ಸುಲಭ. ವರ್ಡ್ ಇರಲಿ, ಲಿಬ್ರೆ ಆಫೀಸ್ ರೈಟರ್ ಇರಲಿ, ಪದವನ್ನು ಆಯ್ದುಕೊಂಡು ಕಂಟ್ರೋಲ್ ಮತ್ತು ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆಯುವ ಚೌಕದಲ್ಲಿ ವಿಳಾಸವನ್ನು ಅಂಟಿಸಿದರಾಯಿತು. ಪ್ರಶ್ನೆ ಹುಟ್ಟುವುದು ‘ಪದವನ್ನು ಆಯ್ದುಕೊಂಡು’ ಎಂಬಲ್ಲಿ.

ಇಂಗ್ಲಿಷಿನಲ್ಲಿ ಸ್ಥಳನಾಮದ ಹಿಂದಿನ ‘ಇನ್’ ಬೇರೆಯೇ ಪದ. ಕೊಂಡಿ ಹೆಸರಿಗಷ್ಟೇ ಬಿದ್ದರೆ ಸಾಕು. ಕನ್ನಡದಲ್ಲಿ ವಿಭಕ್ತಿ ಪದದೊಳಗೇ ಸೇರಿಬಿಡುತ್ತದೆ. ‘ಲೇಪಾಕ್ಷಿಯಲ್ಲಿ’ ಎಂಬಲ್ಲಿ ಯಕಾರಾಗಮವಾಗಿರುವುದರಿಂದ ‘ಲೇಪಾಕ್ಷಿ’ಯವರೆಗೆ ಮಾತ್ರ ನೀಲಿ ಬಣ್ಣ ಹಚ್ಚಬಹುದು. ‘ಕಂಬದೂರಿನ’ ಎಂಬಲ್ಲಿ ಏನು ಮಾಡುವುದು? ಉಕಾರ ಲೋಪವಾಗಿ ಇಕಾರ ಬಂದು ‘ರಿ’ ಎಂದಾಗಿದೆ. ‘ಕಂಬದೂರಿ’ ಎಂಬ ಊರಿಲ್ಲ. ರಕಾರವನ್ನೂ ಇಕಾರವನ್ನೂ ಬಿಡಿಸಹೊರಟರೆ ಅಕ್ಷರವೇ ಒಡೆಯುತ್ತದೆ. ತೆಲುಗಿನ ‘ಇಲ್ಲು’ ‘ಇಂಟ್ಲೋ’ ಆಗುವುದನ್ನು ನೀವು ದಿನವೂ ಆಡುತ್ತೀರಿ. ಮರಾಠಿಯ ‘ಘರ’ವೂ ‘ಘರಾತ’ ಆಗುತ್ತದೆ. ಇಂತಹ ಭಾಷೆಗಳಲ್ಲಿ ವಿಭಕ್ತಿಯೂ ಸೇರಿದಂತೆ ಇಡೀ ಪದಕ್ಕೆ ಕೊಂಡಿ ಬೆಸೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೃತಿಯ ಹೆಸರು ಉದ್ಧರಣ ಚಿಹ್ನೆಯೊಳಗಿದ್ದಾಗ ಮಾತ್ರ ಚಿಹ್ನೆಯ ಹೊರಗಿನ ಪ್ರತ್ಯಯವನ್ನು ಬಿಡಬಹುದು. ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆದು ‘ಇಲ್ಲಿ’ಗೆ ಕೊಂಡಿ ಹಾಕುವುದಂತೂ ಬೇಡ. ಕಡತವನ್ನು ಮುದ್ರಿಸಿದಾಗ ಆ ‘ಇಲ್ಲಿ’ ಎಲ್ಲಿಯೂ ಇರುವುದಿಲ್ಲ.

ಕೊಂಡಿಯ ಕೆಳಗೆ ತಾನಾಗಿ ಬೀಳುವ ಗೆರೆ ಮತ್ತೊಂದು ತೊಡಕು. ರೋಮನ್ ಅಕ್ಷರಗಳಲ್ಲಿ ಕೆಳಕ್ಕೆ ಇಳಿಯುವವು ಕೆಲವೇ. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗಿರುತ್ತವೆ. ‘ಶಾಸನದಲ್ಲಿ’ ಎಂಬುದರ ಲಕಾರದ ಒತ್ತಿನ ಮೇಲೆಯೇ ಗೆರೆ ಹಾಯುತ್ತದೆ. ಒಂದೊಂದು ಕೊಂಡಿಯನ್ನೂ ತಿದ್ದುತ್ತ ಕೂರಬೇಕಾಗಿಲ್ಲ. ವರ್ಡ್‌ನಲ್ಲಿ ‘ಹೈಪರ್‌ಲಿಂಕ್’, ರೈಟರ್‌ನಲ್ಲಿ ‘ಇಂಟರ್ನೆಟ್ ಲಿಂಕ್’ ಎಂಬ ಅಕ್ಷರಶೈಲಿಯಿದೆ. ಅದರಲ್ಲಿ ಒಮ್ಮೆ ಅಡಿಗೆರೆಯನ್ನು ತೆಗೆದು ಬಣ್ಣವನ್ನು ಉಳಿಸಿಕೊಂಡರೆ ಕಡತದ ಎಲ್ಲ ಕೊಂಡಿಗಳೂ ಬದಲಾಗುತ್ತವೆ.

ವಿಳಾಸವನ್ನೇ ಪ್ರಬಂಧದ ನಡುವೆ ಅಂಟಿಸುವವರೂ ಇದ್ದಾರೆ. ಕನ್ನಡ ವಿಕಿಪೀಡಿಯದ ಪುಟವೊಂದರ ವಿಳಾಸವನ್ನು ಹೀಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಸಾಲು ಮೂಡುವುದುಂಟು. ‘ಹಿಂದೂಪುರ’ ಎಂಬುದಕ್ಕೆ ಯೂನಿಕೋಡ್‌ನಲ್ಲಿ 8 ಸಂಕೇತಗಳು. ಒಂದೊಂದಕ್ಕೆ 3 ಬೈಟ್. ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಕ್ಷರ. ಒಂದು ಊರಿನ ಹೆಸರು 72 ಚಿಹ್ನೆಗಳಾಗುತ್ತದೆ! ಅದನ್ನು ಕೊಂಡಿಯ ಹಿಂದೆ ಮರೆಮಾಡುವುದೇ ಲೇಸು.

ಒಂದು ಮಾತು ಉಳಿಯಿತು. ಅಂತರಜಾಲದ ಪ್ರತಿಗೆ ಹಾಕಿದ ಕೊಂಡಿ ಬಹುಮಟ್ಟಿಗೆ ಸಂಪುಟದ ಮೊದಲ ಪುಟವನ್ನು ತೆರೆಯುತ್ತದೆ. ಶಾಸನವು ನೂರಾರು ಪುಟಗಳ ಆಚೆ ಇರುತ್ತದೆ. ವಿಳಾಸವೂ ಶಾಶ್ವತವಲ್ಲ. ಆದುದರಿಂದ ಸಂಪುಟ, ಶಾಸನದ ಸಂಖ್ಯೆ, ಪುಟ ಇವನ್ನು ಅಡಿಟಿಪ್ಪಣಿಯಲ್ಲಿ ಮೊದಲು ಬರೆಯಿರಿ, ಕೊಂಡಿ ಆಮೇಲೆ.