ದೂರದ ಯಂತ್ರದ ರೋಗಪರೀಕ್ಷೆ

ಕೈಗೆಟುಕುವ ಯಂತ್ರ ಕೆಟ್ಟರೆ ಬಿಚ್ಚಿ ನೋಡಬಹುದು. ಹೊಲಿಗೆಯಂತ್ರದ ನೂಲು ತೊಡಕಿಕೊಂಡರೆ ಬಿಡಿಸುತ್ತೇವೆ. ಸೈಕಲಿನ ಚೈನು ಜಾರಿದರೆ ಮತ್ತೆ ಏರಿಸುತ್ತೇವೆ. ಆದರೆ ಯಂತ್ರವು ನೂರಾರು ಮೈಲಿ, ಇಲ್ಲವೆ ಕೋಟ್ಯಂತರ ಮೈಲಿ ದೂರದಲ್ಲಿದ್ದು, ಅದರ ದೋಷವನ್ನು ಕುಳಿತಲ್ಲಿಂದಲೇ ಕಂಡುಹಿಡಿದು ತಿದ್ದಬೇಕಾಗಿ ಬಂದರೆ ಏನು ಮಾಡತಕ್ಕದ್ದು? ಈ ಪ್ರಶ್ನೆ ಇಂದು ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ, ರೇಷನ್ ಕಾರ್ಡಿನ ವಿವರ ಇವೆಲ್ಲವೂ ನಾವು ಎಂದೂ ಕಣ್ಣಾರೆ ಕಾಣದ ಗಣಕಗಳಲ್ಲಿ ಅಡಗಿವೆ. ಜೆಪ್ಪುವಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. “ಬಿ.ಎ. ಓದುವವರಿಗೆ ಇದೆಲ್ಲ ಯಾಕೆ?” ಎಂದು ಕೇಳಿದ ಹಿರಿಯರುಂಟು. ಅವರಿಗೆ ಈ ಲೇಖನವೇ ನನ್ನ ವಿನಮ್ರ ಉತ್ತರ.

ಗಣಕಕ್ಕೆ ಕೊಡುವ ಆಜ್ಞೆಗಳ ಸಾಲಿಗೆ ಪ್ರೋಗ್ರಾಮ್ ಎಂದು ಹೆಸರು. ಅದರ ತಪ್ಪನ್ನು ಹುಡುಕಿ ತಿದ್ದುವುದಕ್ಕೆ ಡಿಬಗ್ಗಿಂಗ್ ಎನ್ನುತ್ತಾರೆ. ನಾನು ಅದನ್ನು ದೋಷಶೋಧನೆ ಎಂದು ಕರೆಯುತ್ತೇನೆ. ಮಂಗಳೂರಿನಲ್ಲಿ ಕುಳಿತವನೊಬ್ಬನು ಬೆಂಗಳೂರಿನ ಗಣಕದಲ್ಲಿ ಒಂದು ಪ್ರೋಗ್ರಾಮನ್ನು ಓಡಿಸಬೇಕಾಗಿದೆ ಎನ್ನಿ. ಆತನು ‘ಸೆಕ್ಯೂರ್ ಶೆಲ್’ ಎಂಬ ಗುಪ್ತಮಾರ್ಗದಿಂದ ಅದರೊಳಗೆ ಪ್ರವೇಶಿಸುತ್ತಾನೆ. ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ರಚಿಸಿದ ವಿಧಾನವಿದು. ಬಳಿಕ ಪ್ರೋಗ್ರಾಮನ್ನು ಅಲ್ಲಿಗೆ ಕಳುಹಿಸಿ, ಓಡು ಎಂದು ಆಜ್ಞಾಪಿಸುತ್ತಾನೆ. ಇಲ್ಲಿ ಒಂದು ತೊಡಕುಂಟು. ಆಟಿಯ ಮಳೆಗೆ ಇಲ್ಲಿ ಕರೆಂಟು ಹೋಗಿ ಸಂಪರ್ಕ ಕಡಿದರೆ, ಅಲ್ಲಿನ ಪ್ರೋಗ್ರಾಮೂ ಸಾಮಾನ್ಯವಾಗಿ ಅರ್ಧದಲ್ಲಿಯೇ ನಿಲ್ಲುತ್ತದೆ. ಯಜಮಾನನೇ ಹೊರಟುಹೋದ ಮೇಲೆ ಕೆಲಸವೇಕೆ ಎಂಬುದು ಯೂನಿಕ್ಸ್ ಪದ್ಧತಿಯ ಗಣಕಗಳ ತರ್ಕ. ಟೆಲಿಫೋನ್ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದ ಕಾಲದ ರೂಢಿ. ಅದಕ್ಕಾಗಿ ‘ನೋಹಪ್’ ಎಂಬ ಪದವನ್ನು ಆಜ್ಞೆಗೆ ಮುಂಚಿತವಾಗಿ ಸೇರಿಸುತ್ತಾರೆ. ಕರೆ ಕಡಿದರೂ ಕೆಲಸ ನಿಲ್ಲಿಸಬೇಡ ಎಂದು ಅದರ ಅರ್ಥ.

ಎರಡನೆಯದು, ಪ್ರೋಗ್ರಾಮ್ ತಾನು ಮಾಡಿದ್ದನ್ನೆಲ್ಲ ಹೊತ್ತುಸಹಿತ ಬರೆದಿಡುವಂತೆ ಏರ್ಪಡಿಸುವುದು. ಈ ಬರಹಕ್ಕೆ ಲಾಗ್ ಎಂದು ಹೆಸರು. ಹಡಗಿನ ಕಪ್ತಾನನ ದಿನಚರಿಗೂ ಇದೇ ಹೆಸರೆಂಬುದು ಬಂದರಿನ ಊರಿನವರಾದ ನಮಗೆ ಗೊತ್ತಿರುವ ಸಂಗತಿ. ಮೂರನೆಯದು, ದೋಷಶೋಧಕ ಸಾಧನವನ್ನೇ ಎರಡು ಭಾಗ ಮಾಡುವುದು. ಚಿಕ್ಕ ಭಾಗವು ದೂರದ ಗಣಕದಲ್ಲಿದ್ದು ಪ್ರೋಗ್ರಾಮನ್ನು ಹೇಳಿದ ಸಾಲಿನಲ್ಲಿ ತಡೆದು ನಿಲ್ಲಿಸುತ್ತದೆ. ದೊಡ್ಡ ಭಾಗವು ನಮ್ಮ ಮೇಜಿನ ಮೇಲಿದ್ದು ಅಲ್ಲಿನ ಸ್ಥಿತಿಯನ್ನು ನಮಗೆ ವಿವರಿಸುತ್ತದೆ.

ಇದನ್ನು ನಮ್ಮೂರಿನ ಹೋಲಿಕೆಯಿಂದ ತಿಳಿಯಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹಂಚು ಸುಡುವ ಆವಿಗೆಯ ಬಾಯಿ ಮುಚ್ಚಿ ಬೆಂಕಿ ಕೊಟ್ಟ ಮೇಲೆ, ಅದು ಆರುವ ತನಕ ಒಳಗೆ ಕೈ ಹಾಕುವಂತಿಲ್ಲ. ಸಣ್ಣ ಕಿಂಡಿಯಿಂದ ಕಾಣುವ ಬೆಂಕಿಯ ಬಣ್ಣವೇ ಕೆಲಸಗಾರನಿಗೆ ಆಧಾರ. ಆ ಕಿಂಡಿಯನ್ನು ಆವಿಗೆ ಕಟ್ಟುವಾಗಲೇ ಬಿಟ್ಟಿರಬೇಕು. ಬೆಂಕಿ ಹಚ್ಚಿದ ಮೇಲೆ ಕೊರೆಯಲು ಸಾಧ್ಯವಿಲ್ಲ. ದೂರದ ಯಂತ್ರದ ದೋಷಶೋಧನೆಯ ತಿರುಳು ಇಷ್ಟರಲ್ಲಿಯೇ ಇದೆ.

ಈ ತತ್ತ್ವಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಪಾತ್‌ಫೈಂಡರ್ ನೌಕೆ. ಅದು 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಗಣಕವು ತನ್ನಷ್ಟಕ್ಕೆ ನಿಂತು ಮತ್ತೆ ಮೊದಲಿನಿಂದ ಪ್ರಾರಂಭವಾಗತೊಡಗಿತು. ಕಾರಣವನ್ನು ನಮ್ಮ ಮನೆಯ ಬಾವಿಕಟ್ಟೆಯ ಉದಾಹರಣೆಯಿಂದ ಹೇಳುತ್ತೇನೆ. ಬಾವಿಗೆ ಇರುವುದು ಒಂದೇ ಹಗ್ಗ. ತಮ್ಮನು ನೀರು ಸೇದುತ್ತಿದ್ದಾನೆ. ಅಜ್ಜಿಗೆ ತುರ್ತಾಗಿ ಹಗ್ಗ ಬೇಕು. ಆಕೆ ಕಾದು ನಿಂತಿದ್ದಾಳೆ. ಅಷ್ಟರಲ್ಲಿ ಹಗ್ಗದ ಗೊಡವೆಯೇ ಇಲ್ಲದ ಅಕ್ಕನು ತಮ್ಮನನ್ನು ಅಂಗಡಿಗೆ ಅಟ್ಟುತ್ತಾಳೆ. ಹಗ್ಗವನ್ನು ಹಿಡಿದುಕೊಂಡೇ ಅವನು ಹೊರಟನೆನ್ನಿ! ಮನೆಗೆ ಹಿರಿಯಳಾದ ಅಜ್ಜಿ ಈಗ ಅಕ್ಕನ ಕೆಲಸ ಮುಗಿಯುವ ತನಕ ಕಾಯಬೇಕು. ಪಾತ್‌ಫೈಂಡರಿನಲ್ಲಿ ತಮ್ಮನ ಸ್ಥಾನದಲ್ಲಿದ್ದುದು ಹವಾಮಾನದ ಮಾಹಿತಿ ಕೂಡಿಸುವ ಕೆಲಸ. ಅಜ್ಜಿಯ ಸ್ಥಾನದಲ್ಲಿದ್ದುದು ನೌಕೆಯೊಳಗಿನ ಮಾಹಿತಿ ಸಂಚಾರದ ಮೇಲ್ವಿಚಾರಣೆ. ಅಕ್ಕನ ಸ್ಥಾನದಲ್ಲಿದ್ದುದು ಭೂಮಿಯೊಡನೆ ನಡೆಸುವ ಸಂಪರ್ಕ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ಗಡಿಯಾರವು ಗಣಕವನ್ನೇ ಮತ್ತೆ ಪ್ರಾರಂಭಿಸುತ್ತಿತ್ತು.

ಎಂಜಿನಿಯರುಗಳು ಭೂಮಿಯಲ್ಲಿದ್ದ ನೌಕೆಯ ಪ್ರತಿರೂಪದಲ್ಲಿ ಇದೇ ದೋಷವನ್ನು ಬೇಕೆಂದೇ ಮರುಕಳಿಸುವಂತೆ ಮಾಡಿ, ನಡೆದುದನ್ನು ಸಾಲುಸಾಲಾಗಿ ಓದಿದರು. ಮದ್ದು ಆಗಲೇ ಗೊತ್ತಿತ್ತು: ಅಜ್ಜಿ ಕಾಯುತ್ತಿರುವಷ್ಟು ಹೊತ್ತು ತಮ್ಮನಿಗೇ ಅಜ್ಜಿಯ ಅಧಿಕಾರವನ್ನು ಕೊಡುವುದು. ಆಗ ಅಕ್ಕನು ಅವನನ್ನು ತಡೆಯುವಂತಿಲ್ಲ. ಇದನ್ನು 1990ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದ ಮೂವರು ಶಾ, ರಾಜ್‌ಕುಮಾರ್ ಮತ್ತು ಲೆಹೋಜ್ಕಿ. (ಈ ರಾಜ್‌ಕುಮಾರ್ ನಮ್ಮ ವರನಟರಲ್ಲ!) ಪರೀಕ್ಷೆಗೆಂದು ಇಟ್ಟಿದ್ದ ಸೌಲಭ್ಯಗಳನ್ನು ನೌಕೆಯಿಂದ ಕಿತ್ತುಹಾಕದೆ ಬಿಟ್ಟಿದ್ದರಿಂದ, ಒಂದು ಚಿಕ್ಕ ಪ್ರೋಗ್ರಾಮನ್ನು ಕಳುಹಿಸಿ ಆ ಒಂದು ಆಯ್ಕೆಯನ್ನು ಬದಲಿಸಲು ಸಾಧ್ಯವಾಯಿತು. ಕಿಂಡಿಯನ್ನು ಮುಂಚೆಯೇ ಬಿಟ್ಟಿದ್ದರು ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನಮ್ಮ ನಾಡಿಗೆ ಬರೋಣ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಹಾರಿತು. 2013ರ ನವೆಂಬರ್ 5ರಂದು ಮಂಗಳಯಾನ ಹೊರಟಿತು. ಅದನ್ನು ನಿಯಂತ್ರಿಸಿದ್ದು ಬೆಂಗಳೂರಿನ ಪೀಣ್ಯದ ಕೇಂದ್ರದಿಂದ; ಅದರ ಮಾತನ್ನು ಕೇಳಿದ್ದು ಬ್ಯಾಲಾಳುವಿನ 32 ಮೀಟರ್ ಅಗಲದ ಆ್ಯಂಟೆನಾದಿಂದ. ನವೆಂಬರ್ 11ರಂದು ಕಕ್ಷೆಯನ್ನು ಎತ್ತರಿಸುವಾಗ ನೌಕೆಯ ವೇಗವು ಸೆಕೆಂಡಿಗೆ 130 ಮೀಟರ್ ಹೆಚ್ಚಬೇಕಾಗಿದ್ದಲ್ಲಿ 35 ಮೀಟರ್ ಮಾತ್ರ ಹೆಚ್ಚಿತು. ಇಂಧನದ ಕವಾಟದ ಮುಖ್ಯ ಸುರುಳಿ ಮತ್ತು ಬದಲಿ ಸುರುಳಿ ಎರಡಕ್ಕೂ ಪರೀಕ್ಷಾರ್ಥ ಒಮ್ಮೆಗೇ ವಿದ್ಯುತ್ ಹರಿಸಿದಾಗ ಇಂಧನದ ಹರಿವು ನಿಂತಿತ್ತು. ಕಾರಣ ತಿಳಿದ ಮೇಲೆ, ಮರುದಿನವೇ ಕೊರತೆಯನ್ನು ತುಂಬಿದರು.

2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆಯನ್ನು ಸೇರಬೇಕಾಗಿತ್ತು. ಆಗ ಅದು ಸುಮಾರು 22 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಒಂದು ಮಾತು ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕಿತ್ತು. ಎಂಜಿನು ಉರಿಯಬೇಕಾಗಿದ್ದುದು ಸುಮಾರು 24 ನಿಮಿಷ. ತಪ್ಪಾಯಿತೆಂಬ ಸುದ್ದಿ ಬಂದು ತಿದ್ದುಪಡಿ ತಿರುಗಿ ಮುಟ್ಟುವಾಗ ಎಲ್ಲವೂ ಮುಗಿದಿರುತ್ತಿತ್ತು. ಆದುದರಿಂದ ಆಜ್ಞೆಗಳನ್ನು ಹೊತ್ತು ನಿಗದಿಮಾಡಿ ಹತ್ತು ದಿನ ಮುಂಚೆಯೇ ಕಳುಹಿಸಿದ್ದರು. ಸುಮಾರು 300 ದಿನ ಸುಮ್ಮನಿದ್ದ ಎಂಜಿನನ್ನು ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ಪರೀಕ್ಷಿಸಿದರು. ಆಮೇಲಿನದು ನೌಕೆಯ ಸ್ವಂತ ವಿವೇಕ. ಮೊದಲ ಪ್ರಯತ್ನದಲ್ಲಿಯೇ ಯಶಸ್ಸು ಲಭಿಸಿತು. ಆ ನೌಕೆ 2022ರ ತನಕ ಮಾತಾಡುತ್ತಿತ್ತು.

ಸೋಲಿನಿಂದ ಕಲಿತ ಪಾಠವೂ ಉಂಟು. 2019ರ ಸೆಪ್ಟೆಂಬರ್ 7ರಂದು ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿತು. ಅದನ್ನು ಎತ್ತಿ ತಂದು ನೋಡುವಂತಿರಲಿಲ್ಲ. ಕೊನೆಯ ತನಕ ಅದು ಕಳುಹಿಸಿದ ಅಂಕೆಗಳೇ ಸಾಕ್ಷಿ. ಎಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ಕೊಟ್ಟದ್ದು, ಬೇಗನೆ ತಿರುಗಲು ಪ್ರೋಗ್ರಾಮಿನ ಮಿತಿ ಅಡ್ಡಬಂದದ್ದು, ಇಳಿಯುವ ಜಾಗ ಕಿರಿದಾಗಿದ್ದುದು ಇವೆಲ್ಲವೂ ಅವುಗಳಿಂದಲೇ ಹೊರಬಿದ್ದವು. ಅವನ್ನು ತಿದ್ದಿಕೊಂಡ ಚಂದ್ರಯಾನ-3 2023ರ ಆಗಸ್ಟ್ 23ರಂದು ಸುರಕ್ಷಿತವಾಗಿ ಇಳಿಯಿತು.

ಸಹನೆಯಲ್ಲಿ ಇವೆಲ್ಲವನ್ನೂ ಮೀರಿಸಿದ್ದು 1977ರಲ್ಲಿ ಹೊರಟ ವಾಯೇಜರ್-1. 2023ರ ನವೆಂಬರಿನಲ್ಲಿ ಅದರ ಸಂದೇಶ ಅರ್ಥಹೀನವಾಯಿತು. ಮಾತು ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಮತ್ತೆ ಅಷ್ಟೇ. ಗಣಕದ ಸ್ಮರಣಕೋಶದ ಒಂದು ಚಿಪ್ಪು ಸತ್ತಿದೆಯೆಂದು ಕಂಡುಕೊಂಡು, ಅಲ್ಲಿದ್ದ ಆಜ್ಞೆಗಳನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಗಳಿಗೆ ಹಂಚಿದರು. 2024ರ ಏಪ್ರಿಲ್ 18ರಂದು ಕಳುಹಿಸಿದ ಈ ತಿದ್ದುಪಡಿಗೆ 20ರಂದು ಅರ್ಥವುಳ್ಳ ಉತ್ತರ ಬಂತು.

ಮಿತ್ರರೇ, ಇದು ಆಕಾಶದ ಮಾತು ಮಾತ್ರವಲ್ಲ. ನಾಳೆ ನಮ್ಮಲ್ಲಿ ಹಲವರು ತಾಲೂಕು ಕಚೇರಿಯಲ್ಲೋ ಪಂಚಾಯತಿಯಲ್ಲೋ ಕುರ್ಚಿಯಲ್ಲಿ ಕುಳಿತಿರುತ್ತೇವೆ. ಕಿಟಕಿಯ ಆಚೆ ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರು ನಿಂತಿರುತ್ತಾರೆ. ಅವರು ನಮ್ಮ ತಂದೆತಾಯಿಯರಂಥವರೇ. “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಯಾವ ಆಜ್ಞೆ ಎಲ್ಲಿ ನಿಂತಿತು, ಲಾಗಿನಲ್ಲಿ ಏನು ಬರೆದಿದೆ, ಯಾರಿಗೆ ತಿಳಿಸಿದರೆ ಸರಿಹೋಗುತ್ತದೆ ಎಂದು ಕೇಳಬಲ್ಲವನಿದ್ದರೆ ಅವರ ನಾಳಿನ ಕೂಲಿಯಾದರೂ ಉಳಿದೀತು. ಕೋಟಿ ಕಿಲೋಮೀಟರ್ ದೂರದ ಯಂತ್ರವನ್ನೇ ಪ್ರಶ್ನಿಸಿ ಉತ್ತರ ಪಡೆಯಬಹುದಾದರೆ, ಬೆಂಗಳೂರಿನ ಸರ್ವರಿನಿಂದ ಪಡೆಯಲಾಗದೆ? ಕೇಳುವುದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಕೇಳಬೇಕೆಂಬ ಮನಸ್ಸು ಸಾಕು.